ಬೆನ್ನಿಗೆ ಶಾಖ: ಎಷ್ಟು ಬಿಸಿ, ಎಷ್ಟು ಹೊತ್ತು?

ಬೆನ್ನುನೋವೆಂದು ಫಿಸಿಯೊಥೆರಪಿಗೆ ಬರುವ ಕೆಲವರ ಸೊಂಟದ ಮೇಲೆ ಕಂದು ಬಣ್ಣದ, ಬಲೆಯಂಥ ಗುರುತು ಕಾಣಿಸುತ್ತದೆ. ಒಂದೇ ಜಾಗಕ್ಕೆ ದಿನವೂ ಗಂಟೆಗಟ್ಟಲೆ, ತಿಂಗಳುಗಟ್ಟಲೆ ಶಾಖ ಕೊಟ್ಟರೆ ಚರ್ಮ ಹೀಗಾಗುತ್ತದೆ. ಅವರಿಗೆ ಒಮ್ಮೆಯೂ ಉರಿ ಎನಿಸಿರುವುದಿಲ್ಲ.

ಸುಡುವುದು ಬಿಸಿಯೊಂದರಿಂದಲೇ ಎಂದು ಹೆಚ್ಚಿನವರು ತಿಳಿದಿದ್ದಾರೆ. ಆದರೆ ಸಮಯದ ಪಾಲೂ ಅಷ್ಟೇ ಇದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿ ಕೆಲವೇ ಸೆಕೆಂಡುಗಳಲ್ಲಿ ಮಾಡುವ ಗಾಯವನ್ನು 44 ಡಿಗ್ರಿ ಸುಮಾರು ಆರು ಗಂಟೆಗಳಲ್ಲಿ ಮಾಡುತ್ತದೆ. ಹೀಟಿಂಗ್ ಪ್ಯಾಡ್ ಹಾಕಿಕೊಂಡು ನಿದ್ದೆ ಹೋಗಬೇಡಿ ಎಂದು ನಾನು ಪಟ್ಟು ಹಿಡಿದು ಹೇಳುವುದು ಇದಕ್ಕೇ. ಪ್ಯಾಡಿನ ಮೇಲೆ ಮಲಗುವುದೂ ಬೇಡ. ಮೈಭಾರಕ್ಕೆ ಆ ಭಾಗದ ರಕ್ತಸಂಚಾರ ಕುಗ್ಗಿ, ಬಿಸಿ ಅಲ್ಲೇ ಉಳಿಯುತ್ತದೆ. ಮಗ್ಗುಲಾಗಿ ಮಲಗಿ ಅಥವಾ ಬೋರಲಾಗಿ, ಪ್ಯಾಡ್ ಬೆನ್ನಿನ ಮೇಲಿರಲಿ. ನಡುವೆ ಒಂದು ಟವೆಲ್. ಹದಿನೈದರಿಂದ ಇಪ್ಪತ್ತು ನಿಮಿಷ ಧಾರಾಳವಾಯಿತು. ಐದು ನಿಮಿಷಕ್ಕೊಮ್ಮೆ ಚರ್ಮ ನೋಡಿಕೊಳ್ಳಿ. ತಿಳಿಗೆಂಪು ಸಹಜ, ಕೆಂಪು ಬಿಳುಪಿನ ಮಚ್ಚೆ ಕಂಡರೆ ತೆಗೆದುಬಿಡಿ.

ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಹಾಕಬಾರದು. ಮುಕ್ಕಾಲು ಭಾಗಕ್ಕಿಂತ ಕಡಿಮೆ ತುಂಬಿಸಿ, ಗಾಳಿ ಹೊರಹಾಕಿ, ಮುಚ್ಚಳ ಬಿಗಿಮಾಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆಯಿರಿ.

ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಬೇಡಿ, ಬೊಬ್ಬೆ ಬರಬಹುದು. ಚರ್ಮಕ್ಕೆ ಔಷಧಿಯ ಪಟ್ಟಿ (ಪ್ಯಾಚ್) ಅಂಟಿಸಿಕೊಂಡಿದ್ದರೆ ಬಿಸಿಗೆ ಅದರಲ್ಲಿನ ಔಷಧಿ ಅಗತ್ಯಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ. ಬಿದ್ದು ಪೆಟ್ಟಾಗಿ ಊದಿಕೊಂಡಿರುವಾಗ ಮೊದಲ ಎರಡು ದಿನ ಶಾಖ ಬೇಡ. ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರ ವಿಷಯದಲ್ಲಿ ನನಗೆ ಆತಂಕ ಹೆಚ್ಚು. ಸುಡುತ್ತಿರುವುದೇ ಅವರಿಗೆ ತಿಳಿಯುವುದಿಲ್ಲ. ವೈದ್ಯರನ್ನು ಕೇಳದೆ ಅವರು ಶಾಖ ತೆಗೆದುಕೊಳ್ಳಬಾರದು.

ಇಷ್ಟೆಲ್ಲ ಹೇಳಿದೆನೆಂದು ಶಾಖಕ್ಕೆ ಹೆದರಬೇಕಾಗಿಲ್ಲ. ಹದವಾದ ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವಿನ ಸಂಕೇತ ಮಂಕಾಗುತ್ತದೆ. ಈ ಹಗುರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದು ಇರುವಾಗಲೇ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಅಂಗಾತ ಮಲಗಿ ಮೊಣಕಾಲುಗಳನ್ನು ಒಂದೊಂದಾಗಿ ಎದೆಯತ್ತ ನಿಧಾನವಾಗಿ ಎಳೆದುಕೊಳ್ಳಿ. ಶಾಖ ಪಡೆದು ಹಾಗೇ ಮಲಗಿಬಿಟ್ಟರೆ ಬೆನ್ನು ಮತ್ತೆ ಹಿಡಿದುಕೊಳ್ಳುತ್ತದೆ.

ಕಾಲಿನ ಶಕ್ತಿ ಕುಂದುತ್ತಿದ್ದರೆ, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಪ್ಯಾಡನ್ನು ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಬೆನ್ನುನೋವಿನ ಜೊತೆ ಜ್ವರವಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.