ಕಾಲ ಬದಲಾದರೆ ಪಕ್ಷ ಬದಲಿಸುವ ಕ್ರಿಯಾಪದ

ಇಂಗ್ಲಿಷಿನ ‘ಐ ಸೀ ಯೂ’ವನ್ನು ನಿನ್ನೆಯ ಮಾತಾಗಿಸಲು ‘ಸೀ’ ಹೋಗಿ ‘ಸಾ’ ಬಂದರೆ ಸಾಕು. ‘ಐ’, ‘ಯೂ’ ಎರಡೂ ಕೂತಲ್ಲೇ ಕೂತಿರುತ್ತವೆ. ಕುರ್ದಿಶ್‌ನಲ್ಲಿ ಇಷ್ಟಕ್ಕೇ ಇಡೀ ವಾಕ್ಯ ಮಗುಚಿಕೊಳ್ಳುತ್ತದೆ.

ಟರ್ಕಿ, ಸಿರಿಯಾ ಕಡೆಯ ಕುರ್ದರು ಆಡುವ ಕುರ್ದಿಶ್ ಬಗೆಯಾದ ಕುರ್ಮಾಂಜಿಯನ್ನೇ ನೋಡಿ. ‘ಎಜ್ ತೆ ದಿಬೀನಿಮ್’ ಅಂದರೆ ನಾನು ನಿನ್ನನ್ನು ನೋಡುತ್ತೇನೆ. ಕ್ರಿಯಾಪದ ಕೊನೆಯಲ್ಲಿದೆ, ಅದರ ತುದಿಗೆ ‘ನಾನು’ ಎಂದು ತಿಳಿಸುವ ‘ಇಮ್’ ಇದೆ. ಥೇಟ್ ನಮ್ಮ ‘ನೋಡುತ್ತೇನೆ’ ಥರವೇ, ಅಲ್ವಾ? ಈಗ ‘ನೋಡಿದೆ’ ಅನ್ನಬೇಕು: ‘ಮಿನ್ ತು ದೀತೀ’. ‘ಎಜ್’ ಹೋಗಿ ‘ಮಿನ್’ ಬಂತು. ‘ನನ್ನ’, ‘ನನ್ನನ್ನು’ ಅನ್ನುವಾಗ ಬರುವ ರೂಪ ಅದು. ‘ತೆ’ ಹೋಗಿ ಅಪ್ಪಟ ‘ನೀನು’ ಆದ ‘ತು’ ಬಂತು. ಕೊನೆಯ ‘ಈ’ ಕೂಡ ‘ನೀನು’ವಿನದೇ. ನೋಡಿದ್ದು ನಾನು, ಕ್ರಿಯಾಪದ ಮಾತ್ರ ನಿನ್ನ ಕಡೆ! ಕರ್ಮವಿಲ್ಲದ ಕ್ರಿಯಾಪದಕ್ಕೆ ಈ ರಗಳೆ ಇಲ್ಲ. ‘ಎಜ್ ಚೂಮ್’, ನಾನು ಹೋದೆ, ಅಷ್ಟೆ.

ಹಿಂದಿಯ ‘ಮೈಂನೇ ರೋಟೀ ಖಾಯೀ’ ನಮ್ಮವರನ್ನು ಗೋಳುಹೊಯ್ದುಕೊಳ್ಳುವುದೂ ಹೀಗೇ. ತಿಂದವನು ಗಂಡಸಾದರೂ ಕ್ರಿಯಾಪದ ಹಿಡಿಯುವುದು ರೊಟ್ಟಿಯ ಲಿಂಗವನ್ನು.

ಇದರ ಬೇರು ಬಹಳ ಹಳೆಯದು. ಇರಾನಿನ ಕೆರ್ಮಾನ್‌ಶಾ ಹತ್ತಿರ ಬೆಹಿಸ್ತೂನ್ ಬಂಡೆಯಿದೆ. ಅಲ್ಲಿ ದೊರೆ ದಾರಿಯಸ್ ಸುಮಾರು ಕ್ರಿ.ಪೂ. 520ರಲ್ಲಿ ಹಳೆ ಪರ್ಶಿಯನ್‌ನಲ್ಲಿ ಕೆತ್ತಿಸಿದ ಮಾತು: ‘ಇಮ ತ್ಯ ಮನಾ ಕರ್ತಮ್’. ‘ಇದನ್ನು ನಾನು ಮಾಡಿದೆ’ ಅಂತಲ್ಲ, ‘ಇದು ನನ್ನಿಂದ ಆದದ್ದು’ ಅಂತ. ಸಂಸ್ಕೃತದ ‘ಮಯಾ ಕೃತಮ್’ ಇದಕ್ಕೆ ನೆಂಟ. ಕುರ್ದಿಶ್ ಈ ಶಾಸನದ ಭಾಷೆಯಿಂದ ಹುಟ್ಟಿದ್ದಲ್ಲ, ಅದೇ ಬಳಗದ್ದು. ‘ನನ್ನಿಂದ ಆದದ್ದು’ ಎನ್ನುವ ಇಂಥ ಮಾತೇ ಕಾಲಕ್ರಮದಲ್ಲಿ ಸಾದಾ ಭೂತಕಾಲವಾಯಿತು. ಪರ್ಶಿಯನ್ ಆಮೇಲೆ ಈ ಜಾಡು ಬಿಟ್ಟಿತು, ಕುರ್ಮಾಂಜಿ ಬಿಡಲಿಲ್ಲ.

ನನಗೆ ಜಾಸ್ತಿ ಇಷ್ಟ ಇರಾಕ್, ಇರಾನ್ ಕಡೆಯ ಕುರ್ದಿಶ್ ಬಗೆಯಾದ ಸೊರಾನಿ. ಅಲ್ಲಿ ಎಜ್–ಮಿನ್ ಭೇದ ಅಳಿಸಿಹೋಗಿ ‘ಮಿನ್’ ಒಂದೇ ಉಳಿದಿದೆ. ಆದರೆ ‘ತಿನ್ನು’ವಂಥ ಕರ್ಮವಿರುವ ಕ್ರಿಯಾಪದ ಭೂತಕಾಲಕ್ಕೆ ಬಂತೆಂದರೆ, ‘ನಾನು’ ಎಂದು ಸೂಚಿಸುವ ‘ಮ್’ ಅಲೆದಾಡಲು ಶುರು. ‘ಖ್ವಾರ್ದಿಮ್’ ಅಂದರೆ ತಿಂದೆ. ತಿನ್ನಲಿಲ್ಲ ಅನ್ನಬೇಕೇ? ‘ನೆಮ್‌ಖ್ವಾರ್ದ್’. ತಿನ್ನುತ್ತಿದ್ದೆ? ‘ದೆಮ್‌ಖ್ವಾರ್ದ್’. ರೊಟ್ಟಿ ತಿಂದೆ ಅನ್ನಲು ‘ನಾನಿಮ್ ಖ್ವಾರ್ದ್’. (ಈ ‘ನಾನ್’ ನಮ್ಮ ನಾನಲ್ಲ, ಹೋಟೆಲಿನ ನಾನ್!) ಕ್ರಿಯಾಪದ ಮತ್ತು ಅದರ ಪರಿವಾರದಲ್ಲಿ ಯಾವುದು ಮೊದಲು ಬರುತ್ತದೋ ಅದರ ಬೆನ್ನಿಗೆ ‘ಮ್’ ಅಂಟಿಕೊಳ್ಳುತ್ತದೆ. ಇಲ್ಲ ಅನ್ನುವ ‘ನೆ’ ಆದರೂ ಸರಿ, ರೊಟ್ಟಿ ಆದರೂ ಸರಿ. ಇಂಗ್ಲಿಷಿನ ‘ಐ’ ಈ ಪರಿವಾರದ ಹೊರಗೇ ನಿಂತಿರುತ್ತದೆ. ಒಳಗೆ ನುಗ್ಗಿ ಬ್ರೆಡ್ಡಿಗೆ ಅಂಟಿಕೊಳ್ಳುವುದು ಅದಕ್ಕೆ ಗೊತ್ತೇ ಇಲ್ಲ.