ಎಣಿಸಿಕೊಂಡವರೇ ಎಣಿಸಲು ಕುಳಿತಾಗ

ಎಚ್‌ಐವಿ ಎಂದರೆ ಮುಂಬೈಯಂಥ ಮಹಾನಗರಗಳ, ಹೆದ್ದಾರಿ ಬದಿಯ ಊರುಗಳ ಕಾಯಿಲೆ ಎಂಬ ನಂಬಿಕೆ ಎರಡು ದಶಕಗಳ ಹಿಂದೆ ಸಾಮಾನ್ಯವಾಗಿತ್ತು. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯ ಮೂರು ತಾಲ್ಲೂಕುಗಳ ಜನಸಾಮಾನ್ಯರ ನಡುವೆ ನಡೆದ ಸಮೀಕ್ಷೆ ಅದನ್ನು ಅಲುಗಾಡಿಸಿತು. ಪರೀಕ್ಷೆಗೆ ಒಳಗಾದ ವಯಸ್ಕರಲ್ಲಿ ಶೇ 2.9ರಷ್ಟು ಮಂದಿಗೆ ಸೋಂಕಿತ್ತು. ತಾಲ್ಲೂಕಿನಿಂದ ತಾಲ್ಲೂಕಿಗೆ ಆ ಪ್ರಮಾಣ ಶೇ 1.2ರಿಂದ 4.9ರವರೆಗೆ ಏರುಪೇರಾಗಿತ್ತು, ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಅದು ಹೆಚ್ಚಿತ್ತು. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರವೇಕೆ ಎಂಬುದನ್ನು ರಕ್ತಪರೀಕ್ಷೆಯಷ್ಟೇ ಹೇಳಲಾರದು.

ಅದರ ಒಂದು ಬೇರು ಈ ಸೀಮೆಯ ಚರಿತ್ರೆಯಲ್ಲಿದೆ. ಮುಂಬೈ ಪ್ರಾಂತ್ಯದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾಯ್ದೆಗಳು ಬಂದರೂ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು ಅಷ್ಟು ಬೇಗ ನಿಲ್ಲಲಿಲ್ಲ. ಹೀಗೆ ಲೈಂಗಿಕ ವೃತ್ತಿಗೆ ಬಂದ ಹೆಣ್ಣುಮಕ್ಕಳಲ್ಲಿ ಅನೇಕರು ತಾಯಿ, ಮಕ್ಕಳೊಂದಿಗೆ ತಮ್ಮ ಊರಿನ ಮನೆಯಲ್ಲೇ ಇದ್ದವರು. ಹೊರಗಿನಿಂದ ಬಂದ ಸಮೀಕ್ಷಕರಿಗೆ ಆ ಮನೆಗೂ ಪಕ್ಕದ ಮನೆಗೂ ವ್ಯತ್ಯಾಸ ಕಾಣುವಂತಿರಲಿಲ್ಲ. 2001ರಲ್ಲಿ ಆರಂಭವಾದ ಭಾರತ–ಕೆನಡಾ ಸಹಯೋಗದ ಎಚ್‌ಐವಿ ಯೋಜನೆ ಈ ಭಾಗದಲ್ಲಿ ಹಳ್ಳಿವಾರು ನಕ್ಷೆ ಹಾಕಲು ಹೊರಟಾಗ, ದಾರಿ ಗೊತ್ತಿದ್ದವರು ಆ ಮಹಿಳೆಯರೇ ಆಗಿದ್ದರು. ನಕ್ಷೆ ಸಿದ್ಧವಾದಾಗ ವೃತ್ತಿನಿರತ ಮಹಿಳೆಯರಲ್ಲಿ ಬಹುಪಾಲು ಕೆಲವೇ ಹಳ್ಳಿಗಳಲ್ಲಿರುವುದು ಕಂಡುಬಂತು.

ಸೋಂಕು ಹೇಗೆ ಹರಡುತ್ತದೆಂದು ಲೆಕ್ಕ ಹಾಕುವ ಗಣಿತ ಮಾದರಿಗೆ ಬೇಕಾದ ಅಂಕಿಗಳು ಮೇಲ್ನೋಟಕ್ಕೆ ಸರಳ: ವೃತ್ತಿಯಲ್ಲಿ ಎಷ್ಟು ಮಂದಿ ಇದ್ದಾರೆ, ಒಬ್ಬರಿಗೆ ವಾರಕ್ಕೆ ಎಷ್ಟು ಗಿರಾಕಿಗಳು, ವೃತ್ತಿಯಲ್ಲಿ ಎಷ್ಟು ವರ್ಷ ಇರುತ್ತಾರೆ, ಎಷ್ಟು ಸಲ ಕಾಂಡೋಮ್ ಬಳಕೆಯಾಗುತ್ತದೆ. ಆದರೆ ಸಂತೆಯ ದಿನ ಒಂದು ಊರಿನಲ್ಲಿ, ಹುಣ್ಣಿಮೆಗೆ ಸವದತ್ತಿಯಲ್ಲಿ, ಕೆಲವು ತಿಂಗಳು ಸಾಂಗ್ಲಿಯಲ್ಲೋ ಪುಣೆಯಲ್ಲೋ ಇರುವ ಒಬ್ಬಳೇ ಮಹಿಳೆಯನ್ನು ಮೂರು ಕಡೆ ಮೂವರೆಂದು ಎಣಿಸಿಬಿಡುವುದು ಸುಲಭ. ‘ಎಷ್ಟು ವರ್ಷದಿಂದ?’ ಎಂಬ ಪ್ರಶ್ನೆಯೂ ಅಷ್ಟೇ ಜಾರುವಂಥದ್ದು. ಮುತ್ತು ಕಟ್ಟಿದ ದಿನದಿಂದ ಲೆಕ್ಕ ಹಿಡಿಯುವುದಕ್ಕೂ ಮೊದಲ ಗಿರಾಕಿಯಿಂದ ಹಿಡಿಯುವುದಕ್ಕೂ ನಡುವೆ ಹಲವು ವರ್ಷಗಳ ಅಂತರವಿರಬಹುದು, ಆ ಅಂತರ ಇಡೀ ಮಾದರಿಯ ಫಲಿತಾಂಶವನ್ನೇ ಬದಲಿಸಬಲ್ಲದು. ಇಂಥ ತಪ್ಪನ್ನು ಕಂಪ್ಯೂಟರ್ ಹಿಡಿಯಲಾರದು, ಆ ಬದುಕನ್ನು ಬಾಳಿದವರು ಮಾತ್ರ ಹಿಡಿಯಬಲ್ಲರು.

ಕೇಳುವ ರೀತಿಯೂ ಬದಲಾಗಬೇಕಾಯಿತು. ಎದುರು ಕುಳಿತು ಕೇಳಿದರೆ ಕೇಳುವವರಿಗೆ ಹಿತವಾಗುವ ಉತ್ತರ ಬರುತ್ತದೆ. ಅದಕ್ಕಾಗಿ ಕರ್ನಾಟಕದಲ್ಲಿ ಬಳಕೆಗೆ ಬಂದದ್ದು ಮತಗಟ್ಟೆ ಮಾದರಿಯ ಸಮೀಕ್ಷೆ. ಹತ್ತು ಹನ್ನೆರಡು ಮಂದಿ ಒಬ್ಬರಿಗೊಬ್ಬರು ಕಾಣದಂತೆ ರಟ್ಟಿನ ಮರೆಯಲ್ಲಿ ಕೂರುತ್ತಾರೆ; ಪ್ರಶ್ನೆ ಓದಿದೊಡನೆ ಹೌದು, ಅಲ್ಲ, ಅನ್ವಯಿಸುವುದಿಲ್ಲ ಎಂಬ ಉತ್ತರಕ್ಕೆ ತಕ್ಕ ಬಣ್ಣದ ಡಬ್ಬಿಗೆ ಚೀಟಿ ಹಾಕುತ್ತಾರೆ. ಅಕ್ಷರ ಬಾರದಿದ್ದರೂ ತೊಡಕಿಲ್ಲ, ಯಾವ ಚೀಟಿ ಯಾರದೆಂದು ತಿಳಿಯುವಂತಿಲ್ಲ. ಮುಖಾಮುಖಿ ಸಂದರ್ಶನದಲ್ಲಿ ಮುಚ್ಚಿಹೋಗುತ್ತಿದ್ದ ಅಪಾಯದ ನಡವಳಿಕೆಗಳು ಇಲ್ಲಿ ಹೊರಬಂದವು. ಚುನಾವಣೆ ಕಂಡ ಯಾವ ಹಳ್ಳಿಗೂ ಈ ವಿಧಾನವನ್ನು ವಿವರಿಸಿ ಹೇಳಬೇಕಿಲ್ಲವೆಂಬುದು ಅದರ ಜಾಣತನ.

ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಎಚ್‌ಐವಿ ತಡೆ ಕಾರ್ಯಕ್ರಮ 2003ರಲ್ಲಿ ಆರಂಭವಾದ ಮೇಲೆ ಈ ಕೆಲಸ ವಿಸ್ತಾರಗೊಂಡಿತು. ಅದರ ಮೊದಲ ಸುತ್ತಿನ ಸಮೀಕ್ಷೆಯಲ್ಲಿ ಬೆಳಗಾವಿ ಜಿಲ್ಲೆಯ ಲೈಂಗಿಕ ವೃತ್ತಿ ಮಹಿಳೆಯರ ಪೈಕಿ ಸರಿಸುಮಾರು ಮೂರರಲ್ಲಿ ಒಬ್ಬರಿಗೆ ಸೋಂಕಿತ್ತು. 2013ರಲ್ಲಿ ಪ್ರಕಟವಾದ ಗಣಿತ ಮಾದರಿ ಆಧಾರಿತ ಅಧ್ಯಯನವೊಂದು, ನಾಲ್ಕು ರಾಜ್ಯಗಳ 69 ಜಿಲ್ಲೆಗಳಲ್ಲಿ ಹತ್ತು ವರ್ಷಗಳ ಅವಧಿಗೆ ಈ ಕಾರ್ಯಕ್ರಮ ಸುಮಾರು 6 ಲಕ್ಷ ಸೋಂಕುಗಳನ್ನು ತಡೆಯಿತೆಂದು ಅಂದಾಜಿಸಿತು. ಅದೇ ಅಂದಾಜಿನ ಕೆಳಮಿತಿ 3 ಲಕ್ಷಕ್ಕೂ ಕಡಿಮೆ, ಮೇಲ್ಮಿತಿ ಸುಮಾರು 12 ಲಕ್ಷ! ನಡುವಿನ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಳ್ಳುವ ನಾವು ಈ ಹರವನ್ನು ಮರೆಯುತ್ತೇವೆ.

ಸೋಂಕಿನೊಂದಿಗೆ ಬದುಕುವವರು ತಮ್ಮ ಕುರಿತ ನಿರ್ಧಾರಗಳಲ್ಲಿ ಪಾಲು ಕೇಳಿದ್ದು 1983ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. 1994ರ ಪ್ಯಾರಿಸ್ ಸಮಾವೇಶದಲ್ಲಿ ಸರ್ಕಾರಗಳೂ ಆ ತತ್ವವನ್ನು ಒಪ್ಪಿದವು. ನಮ್ಮ ಜಿಲ್ಲೆಗಳ ಮಹಿಳೆಯರು ಎಣಿಸಿಕೊಳ್ಳುವವರಾಗಿದ್ದವರು ಎಣಿಸುವವರಾದರು, ಅದು ಸಣ್ಣ ಹೆಜ್ಜೆಯಲ್ಲ. ಆದರೆ ಮಾದರಿ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ತೀರ್ಮಾನಿಸುವ ಮೇಜಿನ ಬಳಿ ಅವರಿಗೆ ಕುರ್ಚಿ ಸಿಕ್ಕಿದ್ದು ಅಪರೂಪ ಎಂದೇ ನನ್ನ ಅನಿಸಿಕೆ. ಇಂಥ ಮಾದರಿಗಳು ಸಾಮಾನ್ಯವಾಗಿ ಬಂದುಹೋಗುವ ಗಿರಾಕಿ, ಖಾಯಂ ಗಿರಾಕಿ ಎಂಬ ಎರಡು ಕಾಲಂ ಇಟ್ಟುಕೊಳ್ಳುತ್ತವೆ. ಇವೆರಡಕ್ಕೂ ಸೇರದೆ, ವರ್ಷಗಟ್ಟಲೆ ಜೊತೆಗಿದ್ದು ಗಂಡನಂತೆಯೇ ನಡೆದುಕೊಳ್ಳುವ ಸಂಗಾತಿಯೊಬ್ಬ ಇರುತ್ತಾನೆ. ಅವನೊಂದಿಗೆ ಕಾಂಡೋಮ್ ಮಾತೆತ್ತುವುದೇ ಕಷ್ಟ, ಎತ್ತಿದರೆ ಹೊಡೆತವೂ ಬೀಳಬಹುದು. ಮುಧೋಳ ಮತ್ತು ಜಮಖಂಡಿ ತಾಲ್ಲೂಕುಗಳ 47 ಹಳ್ಳಿಗಳಲ್ಲಿ ನಡೆದ ‘ಸಂವೇದನಾ ಪ್ಲಸ್’ ಅಧ್ಯಯನ ಕೈಗೆತ್ತಿಕೊಂಡದ್ದು ಈ ಸಂಗಾತಿಯ ಹಿಂಸೆಯನ್ನೇ, ಮತ್ತು ಅದರಲ್ಲಿ ಮಹಿಳೆಯರದೇ ಸಂಘಟನೆಯಾದ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಪಾಲುದಾರನಾಗಿತ್ತು.