ಮಲೆನಾಡಲ್ಲಿ ಕೂತು ಕೋಡ್ ಬರೆಯುವವರಿಗೆ ಯಾವ ಎಡಿಟರ್?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೋಡ್ ಬರೆಯುವವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಮೌಸ್ ಬಿಡಬೇಕು ಅಂತಿದ್ದೇನೆ, ಕೀಬೋರ್ಡಿನಲ್ಲೇ ಎಲ್ಲ ನಡೆಸುವ ಎಡಿಟರ್‌ಗಳಲ್ಲಿ (ಕೋಡ್ ಬರೆದು ತಿದ್ದುವ ತಂತ್ರಾಂಶ) ವಿಮ್ ಕಲಿಯಲಾ, ಈಮ್ಯಾಕ್ಸಾ, ಹೀಲಿಕ್ಸಾ? ನಾನು ತಿರುಗಿ ಕೇಳುವುದು ಇಷ್ಟೇ: ನೀವು ತಿದ್ದುವ ಕೋಡ್ ಎಲ್ಲಿದೆ? ನಿಮ್ಮ ಲ್ಯಾಪ್‌ಟಾಪಿನಲ್ಲೋ, ದೂರದ ಸರ್ವರಿನಲ್ಲೋ?

ಸರ್ವರಿನಲ್ಲಿದ್ದರೆ ವಿಮ್ ಅಥವಾ ಅದರ ಹೊಸ ರೂಪ ನಿಯೋವಿಮ್ ಕಲಿಯಿರಿ. ಮಳೆಗಾಲದಲ್ಲಿ ನಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಇವು ಟರ್ಮಿನಲ್ (ಬರೀ ಅಕ್ಷರಗಳ ಕಿಟಕಿ) ಒಳಗೆ ಓಡುವ ಎಡಿಟರ್‌ಗಳು, ಬೇಕಾಗುವ ನೆಟ್ ಬಹಳ ಕಡಿಮೆ. ನೀವು ಒತ್ತಿದ ಕೀ ಆ ಕಡೆ ಹೋಗುತ್ತದೆ, ಪರದೆಯಲ್ಲಿ ಬದಲಾದ ಅಕ್ಷರ ಈ ಕಡೆ ಬರುತ್ತದೆ. ವಿಮ್‌ನ ಹಿರಿಯ ವಿಐಯನ್ನು ಬಿಲ್ ಜಾಯ್ 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಬರೆದಾಗ ಅವರ ಮುಂದಿದ್ದದ್ದು 300 ಬಾಡ್‌ನ, ಅಂದರೆ ಬಹಳ ನಿಧಾನದ ಮೋಡೆಮ್. ಒಂದೊಂದು ಅಕ್ಷರವೂ ದುಬಾರಿ. ಆಜ್ಞೆಗಳು ಅಷ್ಟು ಚಿಕ್ಕದಾಗಿರುವುದು ಸುಮ್ನೆ ಅಲ್ಲ.

ಸರ್ವರಿನಲ್ಲಿ ಟಿಮಕ್ಸ್ (ಟರ್ಮಿನಲ್ ಕೆಲಸವನ್ನು ಜೀವಂತ ಇಡುವ ಸಾಧನ) ಹಾಕಿ, ಅದರೊಳಗೆ ಎಡಿಟರ್ ತೆರೆಯಿರಿ. ಸಂಪರ್ಕ ಕಡಿದರೂ ಅದು ಅಲ್ಲೇ ಓಡುತ್ತಿರುತ್ತದೆ. ಮತ್ತೆ ಲಾಗಿನ್ ಆದರೆ ಕರ್ಸರ್ ಬಿಟ್ಟ ಸಾಲಿನಲ್ಲೇ ಸಿಗುತ್ತದೆ. ಫೈಬರ್ ಹೋಗಿ ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸುವವರು ಸರ್ವರಿಗೆ ಲಾಗಿನ್ ಆಗಲು ಮಾಮೂಲಿ ಎಸ್‌ಎಸ್‌ಎಚ್ ಬದಲು ಮೋಶ್ ಎಂಬ ಸಾಧನ ಬಳಸಿ. ಐಪಿ ಬದಲಾದರೂ ಸೆಷನ್ ಮುಂದುವರಿಯುತ್ತದೆ.

ಕೋಡ್ ನಿಮ್ಮ ಯಂತ್ರದಲ್ಲೇ ಇದ್ದು, ಬ್ಯಾಟರಿ ಹಳೆಯದಾಗಿ ಅದು ಪಟ್ ಅಂತ ಆರಿದರೆ? ಸೇವ್ ಮಾಡದ ತಿದ್ದುಪಡಿ ಉಳಿಸಲು ವಿಮ್ ಸ್ವಾಪ್ ಫೈಲ್ ಎಂಬ ತಾತ್ಕಾಲಿಕ ಫೈಲ್ ಇಟ್ಟಿರುತ್ತದೆ. ಸೆಟ್ಟಿಂಗ್ ಮುಟ್ಟದಿದ್ದರೆ 200 ಅಕ್ಷರ ಟೈಪ್ ಆದಾಗ, ಇಲ್ಲವೇ ಕೈ 4 ಸೆಕೆಂಡ್ ನಿಂತಾಗ ಅದರಲ್ಲಿ ಬರೆಯುತ್ತದೆ. ಈಮ್ಯಾಕ್ಸಿನಲ್ಲಿ ಇದೇ ಲೆಕ್ಕ 300 ಅಕ್ಷರ, 30 ಸೆಕೆಂಡ್. ಸ್ವಾಪ್ ಫೈಲ್ ಕಿರಿಕಿರಿ ಅಂತ ಅದನ್ನು ಆಫ್ ಮಾಡಲು ಹೇಳುವವರಿದ್ದಾರೆ. ದಯವಿಟ್ಟು ಮಾಡಬೇಡಿ.

ಇನ್ನು ವೇಗದ ಮಾತು. ಟೈಪಿಂಗ್ ವೇಗಕ್ಕಾಗಿ ಇವನ್ನು ಕಲಿಯಬೇಕಿಲ್ಲ. ನಾವು ಹೊಸದಾಗಿ ಬರೆಯುವುದಕ್ಕಿಂತ ಓದುವುದು, ತಿದ್ದುವುದೇ ಜಾಸ್ತಿ ಅಲ್ವಾ? ಒಂದು ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಸಾಲಾಗಿ ಕೋಟ್ ಒಳಗಿನ ಮೌಲ್ಯಗಳನ್ನೆಲ್ಲ ಒಂದೇ ಹೊಸ ಮೌಲ್ಯಕ್ಕೆ ಬದಲಿಸಬೇಕು ಅಂದುಕೊಳ್ಳಿ. ವಿಮ್‌ನ ನಾರ್ಮಲ್ ಮೋಡಿನಲ್ಲಿ (ಇಲ್ಲಿ ಕೀ ಒತ್ತಿದರೆ ಅಕ್ಷರ ಬೀಳುವುದಿಲ್ಲ, ಆಜ್ಞೆ ಓಡುತ್ತದೆ) 'ಸಿ', 'ಐ', ಆಮೇಲೆ ಡಬಲ್ ಕೋಟ್ ಒತ್ತಿ. ಕರ್ಸರ್ ಕೋಟ್‌ಗಿಂತ ಹಿಂದೆ ಇದ್ದರೂ ಪರವಾಗಿಲ್ಲ, ಒಳಗಿದ್ದದ್ದು ಹೋಗಿ ಜಾಗ ಖಾಲಿಯಾಗುತ್ತದೆ. ಹೊಸದನ್ನು ಬರೆದು ಎಸ್ಕೇಪ್ ಒತ್ತಿ. ಕೆಳಗಿನ ಸಾಲಿಗೆ ಇಳಿದು ಚುಕ್ಕಿ ಒತ್ತಿ. ಅದೇ ತಿದ್ದುಪಡಿ ಅಲ್ಲೂ ಆಯಿತು. ಆ ಚುಕ್ಕಿಯ ರುಚಿ ಸಿಕ್ಕವರು ಮೌಸಿಗೆ ವಾಪಸ್ ಹೋದದ್ದು ನಾನು ಕಂಡಿಲ್ಲ.

ಹೀಲಿಕ್ಸ್ ಚೆಂದ. ಲ್ಯಾಂಗ್ವೇಜ್ ಸರ್ವರ್ (ಕೋಡಿನ ತಪ್ಪು ತೋರಿಸಿ, ಪದ ಪೂರ್ತಿ ಮಾಡಿಕೊಡುವ ಸಾಧನ) ಬೆಂಬಲ ಅದರಲ್ಲೇ ಇದೆ, ಪ್ಲಗಿನ್ ಹುಡುಕಿ ಅಲೆಯಬೇಕಿಲ್ಲ. ಆದರೆ ಅಲ್ಲಿ ಮೊದಲು ಆಯ್ಕೆ, ಆಮೇಲೆ ಕ್ರಿಯೆ; ವಿಐ, ವಿಮ್‌ನಲ್ಲಿ ಇದು ಉಲ್ಟಾ. ಆ ಕ್ರಮಕ್ಕೆ ಕೈ ಪಳಗಿದ ಮೇಲೆ ಸರ್ವರ್‌ಗಳಲ್ಲಿ ಸಿಗುವ ವಿಐ ಮುಂದೆ ತಡವರಿಸಬೇಕಾಗುತ್ತದೆ.

ಕೋಡಿನ ಜೊತೆ ಕನ್ನಡದಲ್ಲೂ ಬರೆಯುವವರಿಗೆ ನನ್ನ ಸಲಹೆ ಈಮ್ಯಾಕ್ಸ್. ಸಿಸ್ಟಮ್ ಕೀಬೋರ್ಡನ್ನು ಕನ್ನಡಕ್ಕೆ ಬದಲಿಸಿಟ್ಟರೆ ವಿಮ್‌ನ ನಾರ್ಮಲ್ ಮೋಡಿನ ಆಜ್ಞೆಗಳು ಓಡುವುದಿಲ್ಲ, ಪ್ರತಿ ಸಲ ಇಂಗ್ಲಿಷಿಗೆ ಮರಳಬೇಕು. ಈಮ್ಯಾಕ್ಸಿನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಒಳಗೇ ಇದೆ. ಒಮ್ಮೆ ಆರಿಸಿಕೊಂಡರೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿ ಭಾಷೆ ಬದಲಿಸಬಹುದು. ಕನ್ನಡ ಆನ್ ಇದ್ದಾಗಲೂ ಕಂಟ್ರೋಲ್ ಆಜ್ಞೆಗಳು ಹಾಗೇ ನಡೆಯುತ್ತವೆ.

ಯಾವುದನ್ನೇ ಹಿಡಿದರೂ ರಿಲೀಸ್ ಇರುವ ವಾರ ಶುರು ಮಾಡಬೇಡಿ. ವಿಮ್ ಆದರೆ ಟರ್ಮಿನಲ್ಲಿನಲ್ಲಿ ವಿಮ್‌ಟ್ಯೂಟರ್ (vimtutor) ಅಂತ ಕೊಡಿ, ಪಾಠ ಸುಮಾರು ಅರ್ಧ ಗಂಟೆಯದು. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಬೇರೆಯವರ ದೊಡ್ಡ ಕಾನ್ಫಿಗ್ ತಂದು ಹಾಕಿಕೊಳ್ಳುವುದು ಆಮೇಲೆ.